ಚಕ್ರದ ಮನೆಗೆ ಮಡಿ ನೀರು

ಅಮೆರಿಕದಲ್ಲಿ ನೆಲೆಸಿದ ಕನ್ನಡಿಗನ ಬಾಳಿನಲ್ಲಿ ಒಂದು ಘಟ್ಟ ಬರುತ್ತದೆ. ಮನೆಸಾಲ ಅರ್ಧ ತೀರಿರುತ್ತದೆ, ಹಿತ್ತಲಿನ ಕರಿಬೇವು ಚಳಿಗೆ ಸತ್ತಿರುತ್ತದೆ, ಕಾಲೇಜು ಸೇರಿದ ಮಕ್ಕಳು ಫೋನ್ ಎತ್ತುವುದನ್ನು ಬಿಟ್ಟಿರುತ್ತಾರೆ. ಆಗ ಅವನಿಗೆ ಆರ್‌ವಿ ಕೊಳ್ಳುವ ಹುಚ್ಚು ಹಿಡಿಯುತ್ತದೆ. ಒಲೆ, ಮಂಚ, ಬಚ್ಚಲು, ಕಕ್ಕಸು ಎಲ್ಲವನ್ನೂ ಹೊತ್ತು ಹೆದ್ದಾರಿಯಲ್ಲಿ ಓಡುವ ಮನೆ ಅದು. ಟೆಕ್ಸಸ್‌ನಲ್ಲಿರುವ ನನ್ನ ಷಡ್ಡಕನಿಗೂ ಹಿಡಿಯಿತು. ವಯಸ್ಸಿನಲ್ಲಿ ನನಗಿಂತ ಕಿರಿಯ, ಹಾಗಾಗಿ ಏಕವಚನ. ಸಂಬಳದ ವಿಚಾರ ಬಂದಾಗ ಬಹುವಚನ. ಗಾಡಿ ಆರಿಸಲು ಅವನಿಗೆ ಒಂದು ಶನಿವಾರ ಸಾಕಾಯಿತು. ಅದಕ್ಕೊಂದು ನೀರಿನ ಫಿಲ್ಟರ್ ಆರಿಸಲು ಬೇಸಿಗೆಯೆಲ್ಲ ಹೋಯಿತು.

ಅವನ ಕಷ್ಟ ಸುಳ್ಳಲ್ಲ ಅನ್ನಿ. ಆರ್‌ವಿಗೆ ನೀರು ಬರುವ ದಾರಿ ಎರಡು. ಪಾರ್ಕಿನ ನಲ್ಲಿಗೆ ಪೈಪು ಸಿಕ್ಕಿಸಿ ನೇರವಾಗಿ ಪಡೆಯಬಹುದು. ಇಲ್ಲವೇ ಗಾಡಿಯ ಟ್ಯಾಂಕಿಗೆ ತುಂಬಿಕೊಂಡು 12 ವೋಲ್ಟಿನ ಪುಟ್ಟ ಪಂಪಿನಿಂದ ಎಳೆಯಬಹುದು. ಇಂದು ಬೀಡುಬಿಟ್ಟಲ್ಲಿ ನಗರದ ಕ್ಲೋರಿನ್ ನೀರು, ನಾಳೆ ಕಾಡಂಚಿನ ಬಾವಿಯದು, ನಾಡಿದ್ದು ಅರಿಜೋನಾ ಮರುಭೂಮಿಯ ಸುಣ್ಣದ ನೀರು. ಕಾವೇರಿ, ಬೋರು, ಟ್ಯಾಂಕರ್ ಮೂರನ್ನೂ ಒಂದೇ ಸಂಪಿಗೆ ಇಳಿಸಿ ಬೆಂಗಳೂರಿನಲ್ಲಿ ಬೆಳೆದ ಜೀವಕ್ಕೆ ಇದೇನು ಹೊಸದೇ ಎಂದು ನೀವು ಕೇಳಬಹುದು. ಏನು ಮಾಡುವುದು, ವಿಮಾನ ಇಳಿದ ವರ್ಷದೊಳಗೆ ನಮ್ಮವರ ಹೊಟ್ಟೆ ಪೌರತ್ವ ಬದಲಿಸಿಬಿಡುತ್ತದೆ.

ಈ ಗಾಡಿಯ ಒಳಗುಟ್ಟು ಮೊದಲು ಅರ್ಥವಾದದ್ದು ಮೈಸೂರಿನಿಂದ ಹೋಗಿದ್ದ ನಮ್ಮ ಅತ್ತೆಯವರಿಗೆ. ಹೊಟ್ಟೆಯಲ್ಲಿ ಮೂರು ಟ್ಯಾಂಕು: ಒಂದು ಒಳ್ಳೆಯ ನೀರಿಗೆ, ಒಂದು ಸಿಂಕು-ಸ್ನಾನದ ಬಗ್ಗಡಕ್ಕೆ, ಒಂದು ಕಕ್ಕಸಿಗೆ. ಕುಡಿಯುವ ನೀರಿಗೆ ಬಿಳಿ ಅಥವಾ ನೀಲಿ ಪೈಪು. ಕಕ್ಕಸಿನ ಟ್ಯಾಂಕು ತೊಳೆಯಲು ಬೇರೆ ಬಣ್ಣದ್ದು. ಷಡ್ಡಕ ಎರಡನ್ನೂ ಒಂದೇ ಖಾನೆಯಲ್ಲಿ ಸುರುಳಿ ಸುತ್ತಿಟ್ಟಿದ್ದ. "ಅಳಿಯಂದಿರೇ, ಅದನ್ನು ಇದಕ್ಕೆ ಸೋಕಿಸಬೇಡಿ" ಎಂದರು ಅತ್ತೆ. ಅವನು ನಕ್ಕ. ಆಮೇಲೆ ಗಾಡಿಯ ಕೈಪಿಡಿ ತೆಗೆದರೆ ಅದರಲ್ಲೂ ಅದೇ ಮಾತು: ಎರಡನ್ನೂ ಬೇರೆ ಬೇರೆ ಇಡಿ, ಕೊಳೆ ಬಿಡುವ ಜಾಗದ ನಲ್ಲಿಯಿಂದ ಕುಡಿಯುವ ನೀರು ತುಂಬಬೇಡಿ. ಮಡಿ-ಮೈಲಿಗೆಯನ್ನು ಗೊಡ್ಡು ಎಂದು ನಲವತ್ತು ವರ್ಷ ವಾದಿಸಿದ ನಮ್ಮ ಮಾವನವರು ಆ ಸಂಜೆ ಬಾಯಿ ಬಿಡಲಿಲ್ಲ.

ಇನ್ನು ಆಯ್ಕೆ. ಅಂಗಡಿಗೆ ಹೋದವರು ನೀರಿನಲ್ಲಿ ಏನಿದೆ ಎಂದು ಕೇಳಿ ಕೊಳ್ಳುವುದಿಲ್ಲ. ತಮ್ಮ ತಲೆಯಲ್ಲಿ ಏನಿದೆಯೋ ಅದಕ್ಕೆ ಕೊಳ್ಳುತ್ತಾರೆ. ಷಡ್ಡಕನ ತಲೆಯಲ್ಲಿ ಎಲ್ಲವೂ ಇತ್ತು. ಆದರೆ ಫಿಲ್ಟರುಗಳ ಜಾತಿಗಳಲ್ಲಿ ಒಂದರ ಕೆಲಸ ಇನ್ನೊಂದು ಮಾಡುವುದಿಲ್ಲ. 5 ಮೈಕ್ರಾನ್‌ನ ಬಿಳಿ ಸೆಡಿಮೆಂಟ್ ಕಡ್ಡಿ ಮಣ್ಣು, ಮರಳು, ತುಕ್ಕನ್ನು ತಡೆಯುತ್ತದೆ, ಅಷ್ಟೇ. ಇದ್ದಿಲಿನ ಕಾರ್ಬನ್ ಬ್ಲಾಕ್ ಕ್ಲೋರಿನ್ನಿನ ವಾಸನೆ, ಕೆಟ್ಟ ರುಚಿಯನ್ನು ಹೀರುತ್ತದೆ. ಯುವಿ ದೀಪ ಕ್ರಿಮಿಗಳನ್ನು ನೋಡಿಕೊಳ್ಳುತ್ತದೆ, ಆದರೆ ತಿಳಿ ನೀರಿನಲ್ಲಿ ಮಾತ್ರ; ಕದಡಿದ ನೀರಿನಲ್ಲಿ ಅದರ ಬೆಳಕು ಮುಟ್ಟದ ಕ್ರಿಮಿ ಧೂಳಿನ ಮರೆಯಲ್ಲಿ ಕ್ಷೇಮ. ಗಡಸು ನೀರಿಗೆ ಸಾಫ್ಟ್‌ನರ್. ಕರಗಿದ ಲವಣಕ್ಕೆ ಆರ್‌ಒ. ಡಬ್ಬದ ಮೇಲೆ ಎನ್‌ಎಸ್‌ಎಫ್ ಎಂಬ ಗುಣಮಟ್ಟದ ಮುದ್ರೆ ದಪ್ಪಕ್ಷರದಲ್ಲಿದ್ದರೆ ಕೈಮುಗಿದು ತರಬೇಡಿ. ಪಕ್ಕದ ಸಣ್ಣ ಅಂಕಿ ನೋಡಿ. 42 ಎಂದರೆ ರುಚಿ, ವಾಸನೆ, ಕ್ಲೋರಿನ್‌ನ ಲೆಕ್ಕ. ಸೀಸ, ಪರೋಪಜೀವಿಗಳ ಸಿಸ್ಟ್‌ನಂಥ ಆರೋಗ್ಯದ ವಿಷಯ ಬೇಕಿದ್ದರೆ 53. ಅದರಲ್ಲೂ ಯಾವುದಕ್ಕೆ ಪರೀಕ್ಷೆಯಾಗಿದೆ ಎಂದು ಪಟ್ಟಿ ಓದಬೇಕು.

ಓದುವ ಬದಲು ಅವನು ಟಿಡಿಎಸ್ ಮೀಟರ್ ಕೊಂಡ. ಜೇಬಿನಲ್ಲಿ ಪೆನ್ನಿಡುವ ಜಾಗದಲ್ಲಿ ಅದನ್ನಿಟ್ಟುಕೊಂಡು ಓಡಾಡಿದ. ಬಂದವರ ಲೋಟಕ್ಕೆ ಅದ್ದಿದ, ಮಜ್ಜಿಗೆಗೂ ಅದ್ದಿದ. ಕೊನೆಗೆ ಕಾರ್ಬನ್ ಫಿಲ್ಟರಿನ ಹಿಂದೆ ಒಂದು ಸಲ, ಮುಂದೆ ಒಂದು ಸಲ ಅಳೆದ. ಎರಡೂ ಕಡೆ ಹೆಚ್ಚುಕಡಿಮೆ ಅದೇ ಅಂಕಿ. "ಭಾವ, ಟೋಪಿ ಹಾಕಿಬಿಟ್ಟ ಅಂಗಡಿಯವನು!" ಟೋಪಿ ಯಾರೂ ಹಾಕಿರಲಿಲ್ಲ. ಆ ಮೀಟರ್ ನೋಡುವುದು ಕರಗಿದ ಲವಣವನ್ನು. ಕಾರ್ಬನ್ ಅದರ ತಂಟೆಗೇ ಹೋಗುವುದಿಲ್ಲ. ಕ್ರಿಮಿ ತುಂಬಿದ ಕೆರೆಯ ನೀರಿಗೂ ಮೀಟರ್ ಶಹಬ್ಬಾಸ್ ಎನ್ನಬಹುದು. ಕರಗಿದ ಲವಣಕ್ಕೆ ಅಮೆರಿಕದ ಪರಿಸರ ಸಂಸ್ಥೆ ಇಪಿಎ ಹೇಳುವ ಮಟ್ಟ ಲೀಟರಿಗೆ 500 ಮಿಲಿಗ್ರಾಂ, ನಮ್ಮ ಭಾರತೀಯ ಮಾನಕ 10500ರ ಒಪ್ಪಿತ ಮಿತಿಯೂ ಅಷ್ಟೇ. ಅವನ ನೀರು ಅದರೊಳಗೇ ಇತ್ತು.

ಹಾಗಿದ್ದರೂ ಆರ್‌ಒ ಬೇಕೆಂದು ಹಟ. ಆರ್‌ಒ ಒಂದು ಲೋಟ ಶುದ್ಧ ನೀರು ಕೊಡಲು ಸಾಮಾನ್ಯವಾಗಿ ಅದಕ್ಕಿಂತ ಹೆಚ್ಚು ನೀರನ್ನು ಬೇಡವೆಂದು ಆಚೆ ತಳ್ಳುವ ಯಂತ್ರ. ಊರ ಮನೆಯಲ್ಲಾದರೆ ಆ ನೀರು ಬಕೆಟ್ಟಿಗೆ ಬಿದ್ದು ನೆಲ ಒರೆಸಲು ಆಗುತ್ತದೆ. ಆರ್‌ವಿಯಲ್ಲಿ ಅದು ಸಿಂಕಿನ ದಾರಿ ಹಿಡಿದು ಬಗ್ಗಡದ ಟ್ಯಾಂಕು ಸೇರುತ್ತದೆ. ನಲ್ಲಿಯೇ ಇಲ್ಲದ ಮರುಭೂಮಿಯಲ್ಲಿ ನಿಂತಾಗ ಕುಡಿಯುವ ಟ್ಯಾಂಕು ಖಾಲಿ, ಬಗ್ಗಡದ್ದು ಭರ್ತಿ. 40 ಗ್ಯಾಲನ್ ನೀರೆಂದರೆ ಸುಮಾರು 150 ಕಿಲೋ ತೂಕ. ನಮ್ಮಿಬ್ಬರು ಷಡ್ಡಕರನ್ನು ಕೂರಿಸಿಕೊಂಡಷ್ಟು. ಇಷ್ಟು ಭಾರ ಹೊತ್ತು ತಂದು ಮೋರಿಗೆ ಬಿಡುವುದಕ್ಕೆ ಡೀಸೆಲ್ ಸುಡಬೇಕೆ? ಅತ್ತೆಯವರ ದೂರು ಮಾತ್ರ ನಿಜವಾದದ್ದು: "ಬೇಳೆ ಬೇಯುತ್ತಿಲ್ಲ." ಅದು ಗಡಸು ನೀರಿನ ಕೆಲಸ. ಅದಕ್ಕೆ ಬೇಕಾದದ್ದು ಪುಟ್ಟ ಸಾಫ್ಟ್‌ನರ್, ಸುಸ್ತಾದಾಗ ಅದಕ್ಕೊಂದಿಷ್ಟು ಅಡುಗೆ ಉಪ್ಪು.

ಜೋಡಿಸುವ ದಿನ ತಮಾಷೆ ಇನ್ನೂ ಜೋರು. ಸಾಫ್ಟ್‌ವೇರ್ ಕೈಗೆ ಸ್ಪ್ಯಾನರ್ ಬಂದರೆ ಏನಾಗಬೇಕೋ ಅದಾಯಿತು. ಸಾಲು ಸರಳ: ನಲ್ಲಿಯ ಬಾಯಿಗೇ ಒತ್ತಡ ತಗ್ಗಿಸುವ ರೆಗ್ಯುಲೇಟರ್, ಆಮೇಲೆ ಪೈಪು, ಆಮೇಲೆ ಸೆಡಿಮೆಂಟ್, ಕೊನೆಗೆ ಕಾರ್ಬನ್. ಒತ್ತಡ 40ರಿಂದ 50 ಪಿಎಸ್‌ಐ ಇದ್ದರೆ ಸಾಕು. ಕೆಲವು ಪಾರ್ಕುಗಳಲ್ಲಿ ಅದರ ಎರಡರಷ್ಟಿರುತ್ತದೆ, ರೆಗ್ಯುಲೇಟರ್ ಇಲ್ಲದಿದ್ದರೆ ಪೈಪು, ಕೀಲುಗಳಿಗೆ ಗಂಡಾಂತರ. ತೋಟದ ಪೈಪಿನ ಥ್ರೆಡ್ಡಿಗೆ ರಬ್ಬರ್ ವಾಷರ್ ಸಾಕು. ಮೊನೆಯತ್ತ ಸಣ್ಣಗಾಗುವ ಥ್ರೆಡ್ಡಿಗೆ ಟೆಫ್ಲಾನ್ ಟೇಪು ಬೇಕು. ಅವನು ಎರಡಕ್ಕೂ ಟೇಪು ಸುತ್ತಿದ, ಮಿಕ್ಕಿದ್ದನ್ನು ಬೆರಳಿಗೂ. ಫಿಲ್ಟರಿನ ಡಬ್ಬಿಗಳನ್ನು ಖಾನೆಯ ಗೋಡೆಗೆ ಅಚ್ಚುಕಟ್ಟಾಗಿ, ಸ್ಪಿರಿಟ್ ಲೆವೆಲ್ ಇಟ್ಟು ಬಿಗಿದ. ಕೆಳಗೆ ಜಾಗ ಬಿಡಲಿಲ್ಲ. ಕಡ್ಡಿ ಬದಲಿಸಲು ಬಟ್ಟಲನ್ನು ತಿರುಗಿಸಿ ಕೆಳಗಿಳಿಸಬೇಕಲ್ಲ, ಇಳಿಯಲು ನೆಲವೇ ಅಡ್ಡ! ಎಲ್ಲ ಬಿಚ್ಚಿ ಮೇಲೆ ಬಿಗಿದದ್ದಾಯಿತು. ಹೊಸ ಕಾರ್ಬನ್ನಿನಿಂದ ಮೊದಲು ಕಪ್ಪು ನೀರು ಬರುತ್ತದೆ, ತಿಳಿಯಾಗುವವರೆಗೆ ಹರಿಯಬಿಡಬೇಕು. ಅದನ್ನು ಕಂಡು ಅವನು ಬೆವರಿದ. ನಮ್ಮ ನಾದಿನಿ ಒಳಗಿಂದ, "ಡಿಕಾಕ್ಷನ್ ನೇರವಾಗಿ ನಲ್ಲೀಲೇ ಬರ್ತಿದೆಯಲ್ಲ, ಹಾಲು ತರ್ಲಾ?" ಎಂದಳು.

ಬುದ್ಧಿವಂತರು ಎಡವುವ ಜಾಗ ಇನ್ನೊಂದಿದೆ. ಹೆಚ್ಚು ಶುದ್ಧವಾಗಲೆಂದು ಟ್ಯಾಂಕಿಗೆ ತುಂಬುವ ನೀರನ್ನೂ ಕಾರ್ಬನ್ ಮೂಲಕ ಬಿಡುತ್ತಾರೆ. ನಗರದವರು ಕಾವಲಿಗೆ ಹಾಕಿದ ಕ್ಲೋರಿನ್ ಅಲ್ಲೇ ಹೋಯಿತು. ಕಾವಲಿಲ್ಲದ ನೀರು ಬಿಸಿಲಲ್ಲಿ ವಾರ ನಿಂತರೆ ಕ್ರಿಮಿಗಳಿಗೆ ಛತ್ರ. ಟ್ಯಾಂಕಿಗೆ ಸೆಡಿಮೆಂಟ್ ಸಾಕು, ಕಾರ್ಬನ್ ಅಡುಗೆಮನೆಯ ನಲ್ಲಿಯ ಹತ್ತಿರವಿರಲಿ. ಆಗಾಗ ಟ್ಯಾಂಕಿಗೆ ವಾಸನೆಯಿಲ್ಲದ ಬ್ಲೀಚು, 15 ಗ್ಯಾಲನ್ನಿಗೆ ಕಾಲು ಕಪ್ಪಿನಂತೆ, ಹಾಕಿ ರಾತ್ರಿಯಿಡೀ ಬಿಟ್ಟು ತೊಳೆಯಬೇಕು. ಆಗ ಕಡ್ಡಿಗಳನ್ನು ಹೊರಗಿಡಬೇಕು. ಇದನ್ನು ಷಡ್ಡಕ ಪರದೆಯ ಮೇಲೆ ಚಿತ್ರ ಬರೆದು ಅತ್ತೆಯವರಿಗೆ ವಿವರಿಸಿದ. ಅವರು ಹೂಬತ್ತಿ ಹೊಸೆಯುತ್ತಲೇ, "ನಿಂತ ನೀರು ಕೆಡುತ್ತೆ, ಹಂಡೆ ತೊಳೀಬೇಕು. ಇದಕ್ಕೆ ಇಷ್ಟೊಂದು ಬಾಣದ ಗುರುತು ಯಾಕೆ?" ಎಂದರು.

ಅಂತೂ ಪಾರ್ಕಿನ ನಗರದ ನೀರಿಗೆ ಒಂದು ಸೆಡಿಮೆಂಟ್, ಒಂದು ಕಾರ್ಬನ್ ಸಾಕೆಂದು ತೀರ್ಮಾನವಾಯಿತು. ಮೊದಲ ಶನಿವಾರವೇ ಆಗಬಹುದಾಗಿದ್ದ ತೀರ್ಮಾನ. ಚಳಿಗಾಲಕ್ಕೆ ಡಬ್ಬಿಗಳ ನೀರು ಬಸಿದು, ಕಡ್ಡಿ ತೆಗೆದಿಟ್ಟಿದ್ದಾನೆ. ಒಳಗೆ ನೀರು ಹೆಪ್ಪುಗಟ್ಟಿದರೆ ಬಟ್ಟಲು ಸೀಳುತ್ತದೆ. ಬಿಡುವಾಯಿತಲ್ಲ, ಈಗ ಬ್ಯಾಟರಿಯ ಸರದಿ. ಲಿಥಿಯಂ ಬೇಕೋ ಸೀಸದ್ದು ಸಾಕೋ ಎಂದು ಕೇಳಲು ಮೊನ್ನೆ ನಡುರಾತ್ರಿ ಫೋನ್ ಮಾಡಿದ್ದ. ನಾನು ಮಾತಾಡದೆ ಫೋನನ್ನು ಈಗ ನಮ್ಮಲ್ಲಿರುವ ಅತ್ತೆಯವರ ಕೈಗೆ ಕೊಟ್ಟು ಮಲಗಿದೆ.