ಕಂಡಕ್ಟರ್ ಮೊದಲೇ ಹತ್ತಿರಬೇಕು

ಹಿಂದೂಪುರದ ಮಂಡಿಯಲ್ಲಿ ಹುಣಸೆಹಣ್ಣಿಗೆ ಬರವಿಲ್ಲ. ಸಾರಿನಪುಡಿ ಮನೆಯಲ್ಲೇ ಕುಟ್ಟಬೇಕೆಂದು ಹಟ ಹಿಡಿಯುವವರಿಗೂ ಬರವಿಲ್ಲ. 1995ರಲ್ಲಿ ಹುಟ್ಟಿದ ಅಪಾಚೆ ವೆಬ್ ಸರ್ವರನ್ನು ಸ್ವಂತ ಕಂಪೈಲ್ ಮಾಡುವವರೂ ಇದೇ ಪೈಕಿ.

ಮೊದಲು ಕಾನ್ಫಿಗರ್. ಹೆಣ್ಣು ನೋಡಲು ಬಂದ ಸೋದರತ್ತೆಯಂತೆ ಮನೆಯೆಲ್ಲ ತಡಕಿ, "ಎಪಿಆರ್ ಇಲ್ಲವಲ್ಲ!" ಎಂದು ಮುನಿಸಿಕೊಳ್ಳುತ್ತದೆ. ತಂದುಕೊಟ್ಟರೆ, "ಪಿಸಿಆರ್‌ಇ ಎಲ್ಲಿ?"

ಮೇಕ್ ಮುಗಿದ ಮೇಲೆ 'ಎಚ್‌ಟಿಟಿಪಿಡಿ -ಎಲ್' ಎಂದರೆ ಒಳಗೇ ಬೆಸೆದ ಮಾಡ್ಯೂಲ್‌ಗಳ ಪಟ್ಟಿ ಬರುತ್ತದೆ. 2.4ರಲ್ಲಿ ಅದು ಬೆರಳೆಣಿಕೆಯದು. ಅದರಲ್ಲಿ ಮಾಡ್_ಎಸ್‌ಒ ಕಲ್ಯಾಣದುರ್ಗದ ಬಸ್ಸಿನ ಕಂಡಕ್ಟರ್ ಇದ್ದಂತೆ: ಮಿಕ್ಕವರನ್ನು ಹತ್ತಿಸಿಕೊಳ್ಳುವವನು ತಾನು ಮೊದಲೇ ಒಳಗಿರಬೇಕು.

ಪಟ್ಟಿಯಲ್ಲಿ ರೀರೈಟ್ ಕಾಣದೆ, ಪಾಪ, ಮತ್ತೆ ಕಂಪೈಲಿಗೆ ಕೂರುವವರುಂಟು. ಅದು ಸ್ಟ್ಯಾಂಡಿನಲ್ಲೇ ನಿಂತಿರುತ್ತದೆ. ಕಾನ್ಫಿಗ್ ಫೈಲಿನಲ್ಲಿ ಅದರ ಲೋಡ್‌ಮಾಡ್ಯೂಲ್ ಸಾಲಿನ ಮುಂದಿನ ಹ್ಯಾಷ್ ಗುರುತು ಅಳಿಸಿ ಸರ್ವರ್ ಮತ್ತೆ ಹೊರಡಿಸಿದರೆ, ಹತ್ತಿ ಕೂರುತ್ತದೆ.