ಕೊಂಬೈ ಶೂರನ ದೀಪಾವಳಿ

ತಮಿಳುನಾಡಿನ ಥೇನಿ ಜಿಲ್ಲೆಯಲ್ಲಿ ಕೊಂಬೈ ಎಂಬ ಊರಿದೆ. ಕಾಡುಹಂದಿಗೆ ಎದುರು ನಿಲ್ಲುವ ಬೇಟೆನಾಯಿಗೆ ಆ ಊರಿನದೇ ಹೆಸರು. ಅಂಥ ಶೂರನೂ ದೀಪಾವಳಿಯ ಮೊದಲ ಪಟಾಕಿಗೆ ಬಾಲ ಮುದುರಿಕೊಂಡು ಮಂಚದಡಿ ಸೇರಿಬಿಡುತ್ತಾನೆ! ಅವನದೇನು ತಪ್ಪು? ಹಂದಿಯಾದರೆ ಕಣ್ಣಿಗೆ ಬೀಳುತ್ತದೆ. ಢಂ ಎನ್ನುವುದನ್ನು ಕಚ್ಚುವುದಾದರೂ ಎಲ್ಲಿ?

ನಮ್ಮ ಕಿವಿ 20 ಕಿಲೋಹರ್ಟ್ಜ್‌ಗೇ ಕೈಚೆಲ್ಲಿದರೆ, ನಾಯಿಗೆ ಸುಮಾರು 45ರವರೆಗೂ ಕೇಳಿಸುತ್ತದೆ. ಪಟಾಕಿಗಳ ತವರು ಶಿವಕಾಶಿಯೋ, ಕೊಂಬೈಗೆ ಅಂಥ ದೂರವೇನಲ್ಲ. ತಮಿಳುನಾಡು ಸರ್ಕಾರ 2018ರಲ್ಲೇ ಪಟಾಕಿಗೆ ಬೆಳಿಗ್ಗೆ 6ರಿಂದ 7, ರಾತ್ರಿ 7ರಿಂದ 8 ಎಂದು ವೇಳೆ ಗೊತ್ತುಮಾಡಿತು. ನಾಯಿಗೆ ಗಡಿಯಾರ ನೋಡಲು ಬಾರದು. ಬೀದಿ ಹುಡುಗರಿಗೆ ಬರುತ್ತದೆ, ನೋಡುವುದಿಲ್ಲ.

"ಮುದ್ದು ಮಾಡಬೇಡ, ಪುಕ್ಕಲುತನ ಹೆಚ್ಚುತ್ತೆ" ಎನ್ನುವ ಪಂಡಿತರು ಪ್ರತಿ ಜಗಲಿಯಲ್ಲೂ ಇದ್ದಾರೆ. ಶುದ್ಧ ಸುಳ್ಳು. ಬೆನ್ನು ಸವರಿದರೆ ಭಯ ಬೆಳೆಯುವುದಿಲ್ಲ, ಗದರಿದರೆ ಬೆಳೆಯುತ್ತದೆ.

ಕಿಟಕಿ ಮುಚ್ಚಿ, ಟಿವಿ ಹಾಕಿ. ಧಾರಾವಾಹಿಯ ಅತ್ತೆಯ ಅಬ್ಬರಕ್ಕೂ ಒಂದು ಉಪಯೋಗವಾಗಲಿ. ಮಂಚದಡಿಯಿಂದ ಹೊರಗೆಳೆಯಬೇಡಿ. ಹಬ್ಬಕ್ಕೆ ತಿಂಗಳುಗಳ ಮೊದಲೇ ಮೊಬೈಲಿನಲ್ಲಿ ಪಟಾಕಿ ಸದ್ದನ್ನು ಮೆಲ್ಲಗೆ ಕೇಳಿಸಿ, ಜೊತೆಗೆ ತಿನ್ನಲು ಕೊಟ್ಟು, ನಿಧಾನವಾಗಿ ಪಳಗಿಸಬಹುದು. ತೀರಾ ನಡುಗುವ ನಾಯಿಗೆ ಪಶುವೈದ್ಯರಲ್ಲಿ ಮಾತ್ರೆಯುಂಟು. ಮೊದಲ ಪಟಾಕಿ ಸಿಡಿಯುವ ಮುಂಚೆಯೇ ಹೋಗಿ ಕೇಳಿ. ಅಜ್ಜನ ನಿದ್ದೆಮಾತ್ರೆಯನ್ನಂತೂ ಮುಟ್ಟಬೇಡಿ.