ಸುಣ್ಣರೇಖಾ ಮೀಮಾಂಸೆ: ಬೀದರ್ ಸೀಮೆಯ ನವಹೂಡಿಕೆದಾರನಿಗೆ ಒಂದು ಶಾಸ್ತ್ರೀಯ ಪ್ರವೇಶಿಕೆ

ಸ್ಥಿರಾಸ್ತಿ ಹೂಡಿಕೆಯೆಂಬ ಜ್ಞಾನಶಾಖೆಯು ಬೀದರ್ ನಗರ, ಭಾಲ್ಕಿ ಮತ್ತು ಔರಾದ್ ಸೀಮೆಯಲ್ಲಿ ಹೋಟೆಲಿನ ಸಭಾಂಗಣದ ಉಪನ್ಯಾಸಗಳಿಗೂ ರಸ್ತೆಬದಿಯ ಫ್ಲೆಕ್ಸುಗಳಿಗೂ ಸೀಮಿತವಾಗಿ ಉಳಿದಿದ್ದು, ಅದಕ್ಕೊಂದು ಶಾಸ್ತ್ರೀಯ ತಳಹದಿ ಒದಗಿಸುವ ಅಗತ್ಯ ಬಹುದಿನಗಳಿಂದ ಎದ್ದು ಕಾಣುತ್ತಿತ್ತು. ಪ್ರಸ್ತುತ ಪ್ರಬಂಧ ಆ ಕೊರತೆಯನ್ನು ನೀಗಲು ಹೊರಟಿದೆ. ಇಲ್ಲಿ ‘ನವಹೂಡಿಕೆದಾರ’ನೆಂದರೆ, ನಿವೃತ್ತಿಯ ಹಣವೋ ಮಗಳ ಮದುವೆಗೆಂದು ಕೂಡಿಟ್ಟದ್ದೋ ಕೈಯಲ್ಲಿದ್ದು, ಅದನ್ನು ಬ್ಯಾಂಕಿನಲ್ಲಿಡುವುದು ದಡ್ಡತನವೆಂದು ಯಾರಿಂದಲೋ ಆಗಲೇ ಕೇಳಿಸಿಕೊಂಡಿರುವವನು, ‘ಪ್ಲಾಟು’ ಎಂದರೆ ಅವನು ಕೊಳ್ಳುವ ಮುನ್ನ ನೋಡುವ, ಕೊಂಡ ಮೇಲೆ ಹುಡುಕುವ ಜಾಗ.

ಈ ಶಾಸ್ತ್ರದ ಮೂಲಸ್ತಂಭ ‘ಭವಿಷ್ಯಸಾಮೀಪ್ಯ ಸಿದ್ಧಾಂತ’. ಈಗಾಗಲೇ ಇರುವುದಕ್ಕಿಂತ ಮುಂದೆ ಬರಲಿರುವುದಕ್ಕೆ ಹತ್ತಿರವಾದ ಜಾಗವೇ ಹೆಚ್ಚು ಬೆಲೆಬಾಳುತ್ತದೆಂಬುದು ಅದರ ಸಾರ. ಬೀದರ್–ಕಲಬುರಗಿ ರೈಲು ಮಾರ್ಗ 1990ರ ದಶಕದಲ್ಲಿ ಮಂಜೂರಾಗಿ, ಉದ್ಘಾಟನೆಯಾದದ್ದು 2017ರ ಅಕ್ಟೋಬರಿನಲ್ಲಿ. ಈ ನಡುವಿನ ಕಾಲವನ್ನು ಲೌಕಿಕರು ವಿಳಂಬವೆನ್ನುತ್ತಾರೆ, ಶಾಸ್ತ್ರಜ್ಞರು ‘ಮೌಲ್ಯಗರ್ಭಾವಸ್ಥೆ’ಯೆನ್ನುತ್ತಾರೆ. ಔರಾದಿನಲ್ಲಿ ಬೀದರ್–ನಾಂದೇಡ್ ಮಾರ್ಗದ ಮಾತು ವರ್ಷಗಳಿಂದ ನಡೆದೇ ಇದೆ. ‘ಸ್ಟೇಷನ್ ಹತ್ತಿರ’ದ ಪ್ಲಾಟಿಗೆ ಹಳಿಯೇನೂ ಬೇಕಿಲ್ಲ. ಬೀದರ್‌ನಿಂದ ಬೆಂಗಳೂರಿಗೆ ವಿಮಾನ ಹಾರಾಟ 2020ರ ಫೆಬ್ರುವರಿಯಲ್ಲಿ ಆರಂಭವಾಗಿ, ನಡುವೆ ನಿಂತು, 2025ರಲ್ಲಿ ಮತ್ತೆ ಶುರುವಾಯಿತಾದರೂ, ಫ್ಲೆಕ್ಸಿನ ಮೇಲಿನ ವಿಮಾನ ಒಂದು ದಿನವೂ ನೆಲಕ್ಕಿಳಿದಿಲ್ಲ. ಆ ವಿಮಾನ ನಿಲ್ದಾಣ ಇರುವುದು ವಾಯುಪಡೆಯ ನೆಲೆಯಲ್ಲಿ. ನೆಲೆಯ ಆಸುಪಾಸಿನಲ್ಲಿ ಮನೆ ಕಟ್ಟುವುದಕ್ಕೆ ಅಂತರದ, ಎತ್ತರದ ನಿರ್ಬಂಧಗಳಿದ್ದು ನಿರಾಕ್ಷೇಪಣಾ ಪತ್ರ ಬೇಕಾಗುತ್ತದೆಂಬ ಸಂಗತಿ, ಅಂದರೆ ಯಾವ ಸಾಮೀಪ್ಯಕ್ಕೆ ಹೂಡಿಕೆದಾರ ಹೆಚ್ಚು ಹಣ ತೆತ್ತಿದ್ದಾನೋ ಅದೇ ಅವನ ಮಹಡಿಗೆ ಅಡ್ಡ ಬರಬಹುದೆಂಬುದು, ಸಿದ್ಧಾಂತದ ವ್ಯಾಪ್ತಿಗೆ ಬರುವುದಿಲ್ಲ.

ಎರಡನೆಯದಾಗಿ ‘ಸ್ವಾಮ್ಯ ಪ್ರಕರಣ’. ಸ್ವಾಮ್ಯವು ಚತುರ್ವಿಧವೆಂದು ವಿದ್ವಾಂಸರ ಮತ. ಮೊದಲನೆಯದು ‘ಸುಣ್ಣರೇಖಾತ್ಮಕ ಸ್ವಾಮ್ಯ’: ಸೋಯಾ ಕೊಯ್ದ ಹೊಲದಲ್ಲಿ ಸುಣ್ಣದ ಗೆರೆ ಎಳೆದು, ಬಿಳಿ ಬಣ್ಣದ ಕಲ್ಲು ನೆಟ್ಟು, ರಸ್ತೆಯ ಕಡೆಗೊಂದು ಕಬ್ಬಿಣದ ಕಮಾನು ನಿಲ್ಲಿಸಿ, ತಂತಿಯಿಲ್ಲದ ನಾಲ್ಕು ವಿದ್ಯುತ್ ಕಂಬಗಳನ್ನು ಹುಗಿದಾಗ ಉಂಟಾಗುವ ಈ ಸ್ವಾಮ್ಯವು ಮೃಗಶಿರಾ ಮಳೆಯವರೆಗೆ ಊರ್ಜಿತದಲ್ಲಿರುತ್ತದೆ, ಆಮೇಲೆ ಗೆರೆ ತೊಳೆದುಹೋಗುತ್ತದೆ, ಕಮಾನು ಉಳಿಯುತ್ತದೆ. ಎರಡನೆಯದು ‘ಬಾಂಡಾತ್ಮಕ ಸ್ವಾಮ್ಯ’: ಗುಂಟೆ ಲೆಕ್ಕದಲ್ಲಿ, ಅಂದರೆ 33 ಅಡಿಗೆ 33 ಅಡಿಯಂತೆ ಹೊಲವನ್ನು ಕತ್ತರಿಸಿ, ಛಾಪಾ ಕಾಗದದ ಮೇಲೆ ಬರೆದು, ನೋಟರಿಯ ಕೆಂಪು ಮೊಹರು ಒತ್ತಿಸಿ ಕೊಡುವಂಥದ್ದು. ನೂರು ರೂಪಾಯಿ ಮತ್ತು ಅದಕ್ಕೂ ಮೇಲ್ಪಟ್ಟ ಸ್ಥಿರಾಸ್ತಿಯ ಮಾರಾಟ ನೋಂದಣಿಯಿಲ್ಲದೆ ಆಗದೆಂದು 1882ರ ಸ್ವತ್ತು ವರ್ಗಾವಣೆ ಕಾಯ್ದೆ ಹೇಳಿದೆ; ಬರೀ ಮುಖ್ತಿಯಾರನಾಮೆ, ಕರಾರುಪತ್ರಗಳಿಂದ ಒಡೆತನ ಬಾರದೆಂದು ಸುಪ್ರೀಂ ಕೋರ್ಟ್ 2011ರಲ್ಲಿ ಸ್ಪಷ್ಟಪಡಿಸಿದೆ; ಆದರೂ ಬಾಂಡಿನ ವ್ಯವಹಾರ ನಡೆದೇ ಇದೆ. ಮೂರನೆಯ ಮತ್ತು ನಾಲ್ಕನೆಯ ಸ್ವಾಮ್ಯಗಳ ಲಕ್ಷಣವನ್ನು ಇಲ್ಲಿ ವಿವರಿಸುತ್ತಿಲ್ಲ. ಎರಡರಲ್ಲೇ ಹೂಡಿಕೆದಾರನ ಹಣ ಮುಗಿದಿರುತ್ತದಾದ್ದರಿಂದ ಮುಂದಿನ ವಿಂಗಡಣೆ ಅನಗತ್ಯ.

ಇನ್ನು ಗಣಿತ. ಒಂದು ಎಕರೆಗೆ 40 ಗುಂಟೆ, ಚದರಡಿಯಲ್ಲಿ 43,560. ರಸ್ತೆ, ಉದ್ಯಾನ, ಸಾರ್ವಜನಿಕ ಜಾಗಕ್ಕೆಂದು ಸರಿಸುಮಾರು ಅರ್ಧ ಬಿಟ್ಟರೂ 30×40 ಅಳತೆಯ 18 ಪ್ಲಾಟು ಏಳುತ್ತವೆ. ರೈತನಿಂದ ಕೊಳ್ಳುವುದು ಎಕರೆಯ ದರದಲ್ಲಿ, ಮಾರುವುದು ಚದರಡಿಯ ದರದಲ್ಲಿ. 18ರಲ್ಲಿ ಎಷ್ಟು ಪ್ಲಾಟು ಮಾರಿದರೆ ರೈತನಿಗೆ ಕೊಟ್ಟದ್ದು ಕೈಗೆ ಮರಳುತ್ತದೆಂದು ನವಹೂಡಿಕೆದಾರ ಒಮ್ಮೆ ಬೆರಳೆಣಿಸಿ ನೋಡಿದರೆ, ಮೂರು ತಾಸಿನ ಉಪನ್ಯಾಸದ ಉಳಿದೆಲ್ಲ ಭಾಗ ತಾನೇ ಅರ್ಥವಾಗುತ್ತದೆ. ಕೃಷಿಕನಲ್ಲದವನು ಕೃಷಿಭೂಮಿ ಕೊಳ್ಳದಂತೆ ತಡೆದಿದ್ದ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳನ್ನು 2020ರಲ್ಲಿ ತೆಗೆದುಹಾಕಿದ ಮೇಲೆ ಈ ಗಣಿತಕ್ಕೆ ಇನ್ನೂ ಅನುಕೂಲವಾಗಿದೆ. ತೊಗರಿಗೆ ನೆಟೆರೋಗ, ಉದ್ದಿಗೆ ಕೊಯ್ಲಿನ ಹೊತ್ತಿನ ಮಳೆ, ಸಾಲದ ಬಡ್ಡಿ ಎಲ್ಲ ಸೇರಿ ಹೊಲ ಮಾರಿದ ಔರಾದಿನ ರೈತ, ಅದೇ ಹೊಲದ 1,200 ಚದರಡಿಯನ್ನು ಬಾಂಡಿನ ಮೇಲೆ ಕೊಂಡ ಬೀದರಿನ ನಿವೃತ್ತ ಮಾಸ್ತರ: ಇಬ್ಬರೂ ಕಳೆದುಕೊಂಡ ವ್ಯವಹಾರವನ್ನು ‘ಸಂಪತ್ತಿನ ಸೃಷ್ಟಿ’ಯೆಂದು ಮೈಕಿನಲ್ಲಿ ಕೂಗುವುದಕ್ಕೆ ನಾಚಿಕೆ ಬೇಡವೆ?

ಶಾಸ್ತ್ರದ ಶೈಲಿ ಇಲ್ಲಿ ಕೊಂಚ ಕೆಟ್ಟಿರುವುದನ್ನು ಓದುಗರು ಮನ್ನಿಸಬೇಕು. ಆದರೆ ಕೆಡುವುದಕ್ಕೆ ಇನ್ನೊಂದು ಕಾರಣವೂ ಇದೆ. 15ನೇ ಶತಮಾನದ ಬಹಮನಿ ರಾಜಧಾನಿಗೆ ನೀರು ಕೊಟ್ಟದ್ದು ಕರೇಜ್ ಎಂಬ ಸುರಂಗ ಕಾಲುವೆ. ಸೆಲೆಯಿದ್ದಲ್ಲಿ ತಾಯಿಬಾವಿ ತೋಡಿ, ಜಂಬಿಟ್ಟಿಗೆಯ ಒಡಲಲ್ಲಿ ಕಂಡೂ ಕಾಣದಷ್ಟು ಇಳಿಜಾರಿನಲ್ಲಿ ಸುರಂಗ ಕೊರೆದು, ಗಾಳಿಗೂ ಮಣ್ಣು ಮೇಲೆತ್ತುವುದಕ್ಕೂ ಅಲ್ಲಲ್ಲಿ ಬಾವಿಯಂಥ ಕಿಂಡಿಗಳನ್ನು ಬಿಟ್ಟ ಆ ವ್ಯವಸ್ಥೆ ನೌಬಾದಿನಲ್ಲಿ ಇಂದಿಗೂ ಇದೆ. ಬೀದರಿನ ಐತಿಹಾಸಿಕ ನಗರ 2014ರಲ್ಲಿ ವಿಶ್ವ ಸ್ಮಾರಕ ನಿಧಿಯ ಕಾಳಜಿಯ ಪಟ್ಟಿಗೂ ಸೇರಿತ್ತು. ಕಿಂಡಿಯೊಂದು ಪ್ಲಾಟಿನ ನಡುವೆ ಬಂದರೆ ಶಾಸ್ತ್ರದ ಪ್ರಕಾರ ಅದೊಂದು ತಗ್ಗು, ಒಂದೆರಡು ಟ್ರಿಪ್ ಮುರುಮು ಸುರಿದರೆ ಸಮವಾಗುತ್ತದೆ. ಆರು ಶತಮಾನಗಳ ಕೆಳಗೆ ನೆಲದೊಳಗಿನ ನೀರಿನ ಜಾಡು ಅರಿತಿದ್ದ ಊರಿನಲ್ಲಿ, ಅದೇ ಜಾಡಿನ ಮೇಲೆ ಮುರುಮು ಹಾಕಿಸಿ, ಅಲ್ಲಿಯೇ ಬೋರು ಕೊರೆಸಿ, ನೀರು ಬೀಳಲಿಲ್ಲವೆಂದು ಟ್ಯಾಂಕರಿಗೆ ಫೋನು ಮಾಡುವುದನ್ನು ಹೂಡಿಕೆಯೆನ್ನುವುದಾದರೆ, ಹಾಳುಗೆಡಹುವುದಕ್ಕೆ ಬೇರೆ ಪದ ಹುಡುಕಬೇಕಾದೀತು.

ಉಳಿದದ್ದು ಕಾಗದಪತ್ರ. 1964ರ ಭೂಕಂದಾಯ ಕಾಯ್ದೆಯ 95ನೇ ಕಲಮಿನಡಿ ಆದ ಕೃಷಿಯೇತರ ಬಳಕೆಯ (ಎನ್.ಎ.) ಆದೇಶ, ಯೋಜನಾ ಪ್ರಾಧಿಕಾರ ಒಪ್ಪಿದ ಬಡಾವಣೆ ನಕ್ಷೆ, ಪಹಣಿ ಮತ್ತು ಮ್ಯುಟೇಶನ್, ಋಣಭಾರ ಪತ್ರ ಇವಿಷ್ಟನ್ನು ನೋಡದೆ ಇಸಾರ ಕೊಡಕೂಡದು. 500 ಚದರ ಮೀಟರಿಗಿಂತ ದೊಡ್ಡ ಬಡಾವಣೆಗೆ 2016ರ ರೇರಾ ಕಾಯ್ದೆಯಂತೆ ನೋಂದಣಿ ಸಂಖ್ಯೆ ಬೇಕು. ಅದಿಲ್ಲದೆ ಜಾಹೀರಾತು ಕೊಡುವುದೇ ತಪ್ಪು, ಕೊಂಡವರ ಹಣದಲ್ಲಿ ಶೇ. 70ರಷ್ಟನ್ನು ಪ್ರತ್ಯೇಕ ಖಾತೆಯಲ್ಲಿಡಬೇಕು. ಹೊಲವು ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ್ದಾಗಿದ್ದರೆ, ಪೂರ್ವಾನುಮತಿಯಿಲ್ಲದ ಮಾರಾಟ 1978ರ ಪಿ.ಟಿ.ಸಿ.ಎಲ್. ಕಾಯ್ದೆಯಂತೆ ಅಸಿಂಧು, ಅದನ್ನು ಪ್ರಶ್ನಿಸಲು ಕಾಲಮಿತಿಯಿಲ್ಲವೆಂದು 2023ರ ತಿದ್ದುಪಡಿ ಹೇಳಿದೆ. ಇವುಗಳ ಪ್ರತಿ ಕೇಳಿದಾಗ “ಆಗ್ತದ್ರಿ, ಫೈಲ್ ಡಿಸಿ ಆಫೀಸ್‌ನಾಗ ಅದ” ಎಂಬ ಉತ್ತರ ಬಂದರೆ ಎದ್ದು ಬರುವುದು ಲೇಸು. ಭಾಲ್ಕಿಯಾದರೆ ಪುರಸಭೆಗೆ, ಔರಾದಾದರೆ ಪಟ್ಟಣ ಪಂಚಾಯಿತಿಗೆ ಹೋಗಿ, ಆ ಸರ್ವೆ ನಂಬರಿನಲ್ಲಿ ಮನೆ ಕಟ್ಟಲು ಪರವಾನಗಿ ಸಿಗುತ್ತದೆಯೇ ಎಂದು ಮೊದಲೇ ವಿಚಾರಿಸಬೇಕು; ಇಸಾರ ಕೊಟ್ಟ ಮೇಲೆ ವಿಚಾರಿಸಲು ಹೋದವರು ಆ ಕಚೇರಿಗಳ ವರಾಂಡದಲ್ಲಿ ಈಗಲೂ ಕೂತಿರುತ್ತಾರೆ, ಬೇಕಾದರೆ ಅವರನ್ನೇ ಕೇಳಬಹುದು.